ಉಬ್ಬರದಿಂದ ಸಾಮ್ರಾಜ್ಯದವರೆಗೆ: ಕನ್ನಡದಲ್ಲಿ ಸ್ಪೇಸ್ ಒಪೆರಾ ಬರೆಯುವ ಬಗೆ

ನಕ್ಷತ್ರಗಳ ನಡುವಿನ ಸಾಮ್ರಾಜ್ಯ, ಯುದ್ಧ, ಸಾಹಸಗಳ ಕತೆಗೆ ಈಗ ಹೇಳುವ ‘ಸ್ಪೇಸ್ ಒಪೆರಾ’ ಎಂಬ ಮಾತು 1941ರಲ್ಲಿ ಹುಟ್ಟಿದ್ದೇ ಮೂದಲಿಕೆಯಾಗಿ, ಹಳಸಲು ರಾಕೆಟ್ ಕತೆಗಳನ್ನು ಜರೆಯಲಿಕ್ಕೆ. ಆ ಮೂದಲಿಕೆಗೆ ತಕ್ಕ ಹಸ್ತಪ್ರತಿಗಳು ಈಗಲೂ ಬರುತ್ತವೆ: ಹಸಿರು ಚರ್ಮ, ಮೂರು ಕಣ್ಣು, ಬಾಯಿ ತೆರೆದರೆ ಬೆಂಗಳೂರಿನ ಆಫೀಸು ಮಾತು. ಅನ್ಯಗ್ರಹದ ಜೀವಿಯನ್ನು ಮೈಬಣ್ಣದಿಂದ ಕಟ್ಟಲು ಹೊರಟರೆ ಆಗುವುದೇ ಇದು. ಮೊದಲು ಅದರ ನೆಲ, ನೀರು, ದುಡಿಮೆ ಗಟ್ಟಿಯಾಗಲಿ. ಮೈ ಆಮೇಲೆ ತಾನಾಗಿ ಬರುತ್ತದೆ.

ಇದಕ್ಕೆ ಮಾದರಿ ಕುಮಟಾ ಕಡೆಯ ಅಘನಾಶಿನಿ ಅಳಿವೆಯಲ್ಲೇ ಇದೆ. ಗಜನಿ ಎಂಬ ತಗ್ಗಿನ ಗದ್ದೆಗಳ ಸುತ್ತ ದಿನಕ್ಕೆರಡು ಸಲ ಉಪ್ಪುನೀರು ಏರುತ್ತದೆ. ಅದನ್ನು ತಡೆಯಲು ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಬಾಗಿಲು. ಮಳೆ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅಲ್ಲೇ ಮೀನು, ಸೀಗಡಿ. ಭತ್ತದವರಿಗೆ ಉಪ್ಪುನೀರು ಹೊರಗಿರಬೇಕು, ಸೀಗಡಿಯವರಿಗೆ ಒಳಗೆ ಬರಬೇಕು. ಕಟ್ಟೆ ಒಂದು ಕಡೆ ಒಡೆದರೂ ಉಪ್ಪು ಎಲ್ಲರ ಗದ್ದೆಗೆ. ಒಂದು ಭೌತಿಕ ಸಂಗತಿಯಿಂದ ಕೆಲಸ, ಕೆಲಸದಿಂದ ಜಗಳ, ಜಗಳದಿಂದ ಕಟ್ಟಳೆ. ನಿಮ್ಮ ನಾಗರಿಕತೆಗೂ ಈ ನಾಲ್ಕು ಮೆಟ್ಟಿಲು ಸಾಕು, ಆದರೆ ಒಂದನ್ನೂ ಹಾರಿಸಬೇಡಿ. ನೇರ ಕಟ್ಟಳೆಗೆ ಜಿಗಿದು ‘ಇವರು ಗೌರವಕ್ಕಾಗಿ ಸಾಯುವ ಯೋಧ ಜನ’ ಎಂದು ಬರೆದರೆ ಓದುಗ ನಂಬುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಭೂಮಿಯಂಥದೇ ಗ್ರಹ, ನಮ್ಮ ಚಂದ್ರನಷ್ಟೇ ತೂಕದ ಚಂದ್ರ, ಆದರೆ ಅರ್ಧ ದೂರದಲ್ಲಿ. ಉಬ್ಬರ ಎಬ್ಬಿಸುವ ಬಲ ದೂರದ ಘನಕ್ಕೆ ವಿಲೋಮ, ಆದ್ದರಿಂದ ಎಂಟು ಪಟ್ಟು. ಕಾರವಾರದ ಕಡಲಲ್ಲಿ ಅಮಾವಾಸ್ಯೆ–ಹುಣ್ಣಿಮೆಯ ಏರಿಳಿತ ಎರಡು ಮೀಟರ್ ಆಸುಪಾಸು. ಎರಡನ್ನು ಎಂಟರಿಂದ ಗುಣಿಸಿ 16 ಎಂದು ಬರೆಯುವುದು ಸಾಮಾನ್ಯ ತಪ್ಪು. ಆ ಎರಡು ಮೀಟರಿನಲ್ಲಿ ಮೂರನೇ ಒಂದು ಪಾಲು ಸೂರ್ಯನದು, ಅದು ಬದಲಾಗುವುದಿಲ್ಲ. ಚಂದ್ರನ ಪಾಲನ್ನಷ್ಟೇ ಗುಣಿಸಿದರೆ ಒಟ್ಟು 11 ಮೀಟರ್ ಚಿಲ್ಲರೆ. ಸೂರ್ಯನ ಪಾಲು ಇಷ್ಟು ಚಿಕ್ಕದಾದ ಮೇಲೆ ಹುಣ್ಣಿಮೆ ಉಬ್ಬರಕ್ಕೂ ಅಷ್ಟಮಿ ಉಬ್ಬರಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಚಂದ್ರ ಬೇಗ ಸುತ್ತುವುದರಿಂದ ಹುಣ್ಣಿಮೆಯಿಂದ ಹುಣ್ಣಿಮೆಗೆ ಹತ್ತೇ ದಿನ. ನಮ್ಮಲ್ಲಿ 12 ಗಂಟೆ 25 ನಿಮಿಷಕ್ಕೊಮ್ಮೆ ಬರುವ ಉಬ್ಬರ ಅಲ್ಲಿ ಸುಮಾರು 13 ಗಂಟೆ 20 ನಿಮಿಷಕ್ಕೊಮ್ಮೆ. ಕರಾವಳಿಯ ಆಕಾರ ಈ ಅಂಕಿಗಳನ್ನು ಏರುಪೇರು ಮಾಡುತ್ತದೆ, ಕತೆಗೆ ಇಷ್ಟು ಸಾಕು.

ಮೂರಾಳೆತ್ತರದ ಮನೆ ದಿನಕ್ಕೆ ಹೆಚ್ಚುಕಡಿಮೆ ಎರಡು ಸಲ ಮುಳುಗಿ ಏಳುವ ಕಡೆ ಗಡಿಕಲ್ಲು ನಿಲ್ಲುತ್ತದೆಯೆ? ಇಲ್ಲ. ಹಾಗಾದರೆ ಅಲ್ಲಿನವರ ಆಸ್ತಿ ಜಾಗದ ಲೆಕ್ಕದಲ್ಲಿರುವುದಿಲ್ಲ, ಹೊತ್ತಿನ ಲೆಕ್ಕದಲ್ಲಿರುತ್ತದೆ. ‘ಈ ಕೆಸರು ನನಗೆ ನಾಲ್ಕು ಇಳಿತ, ಆಮೇಲೆ ನಿನಗೆ.’ ಇವರನ್ನು ‘ತಿರ್ಮೆ’ ಎನ್ನೋಣ. ಎಕರೆ ಅಳೆದು ಬೇಲಿ ಹಾಕುವ ಸಾಮ್ರಾಜ್ಯವೊಂದರ ಸರ್ವೇ ಹಡಗು ಬಂದಿಳಿಯುತ್ತದೆ, ನಾಲ್ಕು ಇಳಿತಕ್ಕೆ ಕೊಟ್ಟ ಜಾಗವನ್ನು ಕೊಂಡುಕೊಂಡೆವೆಂದು ತಿಳಿಯುತ್ತದೆ. ಐದನೇ ಇಳಿತಕ್ಕೆ ಯುದ್ಧ. ಇಲ್ಲಿ ಖಳನಾಯಕನ ಅಗತ್ಯವೇ ಬೀಳಲಿಲ್ಲ.

ಇನ್ನು ಭಾಷೆ. ಹೆಚ್ಚು ಎಡವುವುದು ಇಲ್ಲೇ, ಯಾಕೆಂದರೆ ಬರವಣಿಗೆ ಕಲಿಸುವ ಇಂಗ್ಲಿಷ್ ಪುಸ್ತಕಗಳು ಕನ್ನಡದ ಕ್ರಿಯಾಪದದ ಬಗ್ಗೆ ಏನೂ ಹೇಳುವುದಿಲ್ಲ. ತಿರ್ಮೆಗಳಿಗೆ ಗಂಡು–ಹೆಣ್ಣಿಲ್ಲ ಎಂದಿಟ್ಟುಕೊಳ್ಳಿ. ಕರ್ತೃಪದ ಕೈಬಿಟ್ಟರೂ ‘ಬಂದನು, ಬಂದಳು, ಬಂತು’ ಗುಟ್ಟು ಬಿಟ್ಟುಕೊಡುತ್ತವೆ. ‘ಅವರು ಬಂದರು’ ಎಂದರೆ ಒಬ್ಬರೋ ಹತ್ತು ಮಂದಿಯೋ ತಿಳಿಯದು, ಹೊಡೆದಾಟದ ದೃಶ್ಯದಲ್ಲಿ ಇದು ದೊಡ್ಡ ತಲೆನೋವು. ‘ಅದು ಬಂತು’ ಎಂದರೆ ದನವೋ ಬಸ್ಸೋ ಎನಿಸುತ್ತದೆ. ಆದರೂ ನಮ್ಮ ಸಲಹೆ ‘ಅದು’. ಶಿರಸಿ–ಸಿದ್ದಾಪುರದ ಹವಿಗನ್ನಡದಲ್ಲಿ ಅಕ್ಕ, ತಂಗಿ ಎಲ್ಲರೂ ‘ಅದು’, ಅದರಲ್ಲಿ ತಾತ್ಸಾರವೇನಿಲ್ಲ. ಮಗುವೂ ನಮಗೆ ‘ಅದು’. ಮೊದಲ ಎರಡು ಪುಟಗಳಲ್ಲಿ ತಿರ್ಮೆಯೊಂದು ಯೋಚಿಸುವುದನ್ನು, ತಮಾಷೆ ಮಾಡುವುದನ್ನು ತೋರಿಸಿಬಿಟ್ಟರೆ ಓದುಗನ ಕಿವಿ ಒಗ್ಗಿಕೊಳ್ಳುತ್ತದೆ.

ಹೆಸರಿಗೂ ಇದೇ ಎಚ್ಚರ. ‘ಅ’ದಲ್ಲಿ ಮುಗಿಯುವ ಹೆಸರಿಗೆ ವಿಭಕ್ತಿ ಹಚ್ಚಿದಾಗ ‘ರಾಮನಿಗೆ’ಯೋ ‘ಮರಕ್ಕೆ’ಯೋ ಎಂದು ತೀರ್ಮಾನಿಸಲೇಬೇಕು. ‘ಇ’, ‘ಎ’ಗಳಲ್ಲಿ ಮುಗಿದರೆ ಆ ತಾಪತ್ರಯವಿಲ್ಲ: ಹರಿಗೆ, ಗೌರಿಗೆ, ಮನೆಗೆ, ಎಲ್ಲಕ್ಕೂ ಒಂದೇ ಪ್ರತ್ಯಯ. ಆದ್ದರಿಂದ ನಮ್ಮ ನಾಯಕಪಾತ್ರ ‘ಓರ್ವೆ’. ಓರ್ವೆಗೆ, ಓರ್ವೆಯ, ಓರ್ವೆಯಿಂದ. ‘ಕ್ಸ್‌ಝರ್ಗ್‌ತ್’ ಎಂದಿಟ್ಟರೆ ವಿಭಕ್ತಿ ಹಚ್ಚುವಾಗಲೇ ಸುಸ್ತು.

ಕೆಸರುನೀರಿನಲ್ಲಿ ಕಣ್ಣಿಂದ ಏನು ಪ್ರಯೋಜನ? ತಿರ್ಮೆಗಳು ಕುರುಡು, ನೀರಿನ ಉಪ್ಪು ಸವಿದು ದಿಕ್ಕು ಹಿಡಿಯುತ್ತವೆ. ಹಾಗೆಂದು ನಿರ್ಧರಿಸಿದ ಮೇಲೆ ಹಸ್ತಪ್ರತಿಯಲ್ಲಿ ‘ನೋಡು’ ಎಂಬ ಪದವನ್ನು ಹುಡುಕಿ. ಕನ್ನಡದಲ್ಲಿ ನಾವು ಮುಟ್ಟಿ ನೋಡುತ್ತೇವೆ, ಕೇಳಿ ನೋಡುತ್ತೇವೆ, ರುಚಿಯನ್ನೂ ನೋಡುತ್ತೇವೆ. ‘ಕಂಡುಬಂತು’, ‘ಕಣ್ಣಿಗೆ ಬಿತ್ತು’, ‘ದೃಷ್ಟಿಯಿಂದ’ ಕೂಡ ನುಸುಳಿರುತ್ತವೆ. ಓರ್ವೆಯ ಮಾತಿನಲ್ಲಿ ಇವನ್ನೆಲ್ಲ ಕಿತ್ತು, ‘ಕೇಳಿ ಸವಿದೆ’, ‘ಯೋಚಿಸಿ ಸವಿ’ ಎಂದು ಒಂದೆರಡು ಕಡೆ ಹಾಕಿದರೆ ಸಾಕು. ಪುಟಕ್ಕೆ ಹತ್ತಾದರೆ ನಗೆನಾಟಕ. ಜೊತೆಗೆ ‘ನೀನು–ನೀವು’ ಬದಲಾವಣೆ ಕನ್ನಡ ಲೇಖಕರಿಗೆ ಪುಕ್ಕಟೆ ಸಿಕ್ಕ ಆಯುಧ. ಸಂಧಾನದ ನಡುವೆ ಓರ್ವೆ ‘ನೀವು’ ಬಿಟ್ಟು ‘ನೀನು’ ಎಂದದ್ದು ಸಲುಗೆಯೋ ಬೈಗುಳವೋ ಎಂದು ದುಭಾಷಿ ಬೆವರಲಿ.

ದೂರದ ವಿಚಾರದಲ್ಲಿ ಕೈ ಸಡಿಲ ಬಿಡಬೇಡಿ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರ. ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುವ ವಾಯೇಜರ್–1 ನೌಕೆಯ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಹತ್ತಿರ ಹತ್ತಿರ 75 ಸಾವಿರ ವರ್ಷ. ಬೆಳಕಿನ ವೇಗದ ಸಂದೇಶಕ್ಕೂ ಮಾರುತ್ತರ ಬರಲು ಎಂಟೂವರೆ ವರ್ಷ. ಸಾಮ್ರಾಜ್ಯ ನಡೆಯಬೇಕಾದರೆ ಅಡ್ಡದಾರಿಯೊಂದು ಬೇಕು, ಅದನ್ನು ಕಲ್ಪಿಸಿಕೊಳ್ಳಿ, ತಪ್ಪಿಲ್ಲ. ಆದರೆ ಎಲ್ಲೆಂದರಲ್ಲಿ ತೆರೆಯುವ ದಾರಿ ಬೇಡ. ದೇವಿಮನೆ ಘಟ್ಟದಂತೆ ಇಕ್ಕಟ್ಟಾದ, ಕುಸಿದರೆ ಮೇಲಿನವರೂ ಕೆಳಗಿನವರೂ ಪರದಾಡುವ ದಾರಿ ಇರಲಿ. 16ನೇ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನಲ್ಲ: ಮೆಣಸು ಬೆಳೆಯುವ ಘಟ್ಟ, ಅದು ಇಳಿಯುವ ಬಂದರು, ಎರಡೂ ಒಂದೇ ಕೈಯಲ್ಲಿ. ಸರಕೂ ಮೆಣಸಿನಂತಿರಲಿ, ಹಗುರ, ಒಣ, ಕೆಡದ್ದು, ದುಬಾರಿ. ನಕ್ಷತ್ರದಿಂದ ನಕ್ಷತ್ರಕ್ಕೆ ಅಕ್ಕಿ ಮೂಟೆ, ಕಬ್ಬಿಣದ ಅದಿರು ಸಾಗಿಸಿದರೆ ಯಾವ ಸಾಹುಕಾರನೂ ಉಳಿಯುವುದಿಲ್ಲ.

ಇಡೀ ಗ್ರಹಕ್ಕೆ ಒಂದೇ ಹವೆ, ಒಂದೇ ಭಾಷೆ ಕೊಡಬೇಡಿ. ಕುಮಟಾದಿಂದ ಶಿರಸಿಗೆ ಅರವತ್ತು ಕಿ.ಮೀ. ಆಸುಪಾಸು, ಅಷ್ಟರೊಳಗೇ ಮೀನಿನ ದೋಣಿ ಹೋಗಿ ಅಡಿಕೆ ತೋಟ, ಸೊಪ್ಪಿನ ಬೆಟ್ಟ ಬರುತ್ತವೆ. ತಿರ್ಮೆಗಳಲ್ಲೂ ನೀರು ಮುಟ್ಟದ ಗುಡ್ಡದ ಮೇಲಿನವರು ಇರಲಿ, ಇಳಿತದವರನ್ನು ಅವರು ಕೀಳಾಗಿ ಕಾಣಲಿ. ಒಂದು ಮಾತು ಖಡಾಖಂಡಿತ: ಹಾಲಕ್ಕಿಗಳ ಮಣಿಸರವನ್ನೋ ಸಿದ್ದಿಗಳ ಕುಣಿತವನ್ನೋ ಎತ್ತಿ ಅನ್ಯಜೀವಿಗೆ ತೊಡಿಸಬೇಡಿ. ನೆರೆಯವರನ್ನೇ ಬೇರೆ ಗ್ರಹದವರಂತೆ ತೋರಿಸಿದ ಹಾಗಾಗುತ್ತದೆ. ಉಬ್ಬರದ ಗುಣವನ್ನು ಎರವಲು ಪಡೆಯಿರಿ, ಉಡುಪನ್ನಲ್ಲ.

ಮೊದಲ ಅಧ್ಯಾಯ ಎರಡು ಸಾವಿರ ಪದವಿದ್ದರೆ ಹೊಸದಾಗಿ ಸೃಷ್ಟಿಸಿದ ಪದಗಳು ಐದು ಮೀರದಿರಲಿ. ಪ್ರತಿಯೊಂದೂ ಮೊದಲ ಸಲ ಬಂದಾಗ ಯಾರಾದರೂ ಆ ವಸ್ತುವನ್ನು ಬಳಸುತ್ತಿರಬೇಕು, ಬರೀ ವಿವರಿಸುತ್ತಿರಬಾರದು. ಸಾಮ್ರಾಜ್ಯದ ಚರಿತ್ರೆ ಇಲ್ಲಿ ಬೇಡ. ಓರ್ವೆ ಮೂರನೇ ಇಳಿತ ಎಣಿಸುತ್ತ ಕೆಸರಲ್ಲಿ ನಿಂತಿದೆ, ಸರ್ವೇಯವರು ಬೇಲಿಯ ಕಂಬ ಹೂಳುತ್ತಿದ್ದಾರೆ, ಅದು ಹೋಗಿ ಕಂಬದ ಉಪ್ಪು ಸವಿಯುತ್ತದೆ. ಅಲ್ಲಿಂದ ಶುರು ಮಾಡಿ.