ಕೊಕೊಪೀಟ್ ಬಿಟ್ಟೆ, ಗರಸು ಹಿಡಿದೆ

ಗರಸು ರಸ್ತೆಗೆ ಹಾಕೋ ಹರಳುಮಣ್ಣು, ಅದರಲ್ಲಿ ಗಿಡ ಬರೋದಿಲ್ಲ ಎಂದವರೇ ಈಗ ಸ್ನೇಕ್ ಪ್ಲಾಂಟ್ ಎಂಬ ಕತ್ತಿಯಂಥ ಎಲೆಯ ಅಲಂಕಾರ ಗಿಡದ ಸಸಿ ಒಯ್ಯುತ್ತಿದ್ದಾರೆ. ವಿಜಯಪುರದ ಮಾಳಿಗೆ ಮೇಲೆ ಎರಡು ಬೇಸಿಗೆ ದಾಟಿದ ಗಿಡಗಳಿವು.

ಮೊದಲು ಎರಿ ಮಣ್ಣಿಗೆ ಅರ್ಧ ಉಸುಕು ಬೆರೆಸಿದ್ದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯಿತು, ಸೆಪ್ಟೆಂಬರ್ ಮಳೆಗೆ ಅಂಟಾಗಿ ಉಳಿದದ್ದೂ ಕೊಳೆಯಿತು. ಆಮೇಲೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಪೂರಾ ಒಣಗಿದರೆ ಅದು ಕುಂಡದ ಅಂಚು ಬಿಟ್ಟು ಕುಗ್ಗುತ್ತದೆ. ನೀರು ಆ ಸಂದಿಯಿಂದಲೇ ಇಳಿದು ನಡುವಿನ ಹೆಂಟೆ ಒಣಗೇ ಇರುತ್ತದೆ. ಎರಡರಲ್ಲೂ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು.

ಈಗಿನ ಅಳತೆ: ಗರಸು 3 ಬುಟ್ಟಿ, ಇಟ್ಟಂಗಿ ಚೂರು 1, ಹಳೆಯ ತಿಪ್ಪೆಗೊಬ್ಬರ ಅರ್ಧ. ಗರಸನ್ನು ಜರಡಿ ಹಿಡಿದು ಹಿಟ್ಟಿನಂಥ ಪುಡಿ ಚೆಲ್ಲಿಬಿಟ್ಟು, ಜೋಳದ ಕಾಳಿನಿಂದ ಕಡಲೆಯಷ್ಟು ದಪ್ಪದ್ದನ್ನು ಇಟ್ಟುಕೊಳ್ಳಿ. ಹಿಟ್ಟು ಉಳಿದರೆ ತಳದ ತೂತು ಮುಚ್ಚುತ್ತದೆ. ಮಣ್ಣಿನ ಕುಂಡವೇ ಆಗಬೇಕು. ಕರಿ ಪ್ಲಾಸ್ಟಿಕ್ ಮೇ ಬಿಸಿಲಿಗೆ ಬೇರು ಬೇಯಿಸುತ್ತದೆ. ಬೇಸಿಗೆಗೆ ಸುಮಾರು 10 ದಿನಕ್ಕೊಮ್ಮೆ ನೀರು, ಚಳಿಗಾಲಕ್ಕೆ 25 ಆದರೂ ನಡೆಯುತ್ತದೆ. ಬೋರಿನ ಸವುಳು ಬಿಳಿ ಪರೆ ಕಟ್ಟಿದರೆ ಒಂದು ಜೋರು ಮಳೆಗೆ ಬಯಲಲ್ಲಿಡಿ.

ಸಸಿ ಮಾಡಲು ಎಲೆಯನ್ನು ಮೂರು ಇಂಚಿನ ತುಂಡು ಮಾಡಿ ಮೂರು ದಿನ ನೆರಳಲ್ಲಿ ಒಣಗಿಸಿ. ಬುಡದ ಕಡೆ ಗುರುತಿರಲಿ, ತಲೆಕೆಳಗಾದರೆ ಬೇರು ಬರದು. ನನಗೆ ಪೆಟ್ಟು ಬಿದ್ದದ್ದು ಹಳದಿ ಅಂಚಿನದರಲ್ಲಿ: ನಲವತ್ತು ತುಂಡು ನೆಟ್ಟೆ, ಚಿಗುರಿದ್ದೆಲ್ಲ ಬರೀ ಹಸಿರು. ನೂರು ರೂಪಾಯಿಯ ಮಾಲು ನಲವತ್ತಕ್ಕಿಳಿಯಿತು. ಅಂಚು ಉಳಿಯಬೇಕೆಂದರೆ ಬುಡದ ಮರಿ ಕಿತ್ತೇ ನೆಡಬೇಕು.

ಗಾಳಿ ಶುದ್ಧವಾಗುತ್ತದೆಂದು ಹೇಳಿ ನಾನು ಮಾರುವುದಿಲ್ಲ. ಆ ಮಾತಿಗೆ ಆಧಾರವಾದ ನಾಸಾದ 1989ರ ಪರೀಕ್ಷೆ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ. ಕಿಟಕಿ ತೆರೆದ ಮನೆಗೆ ನಾಲ್ಕು ಕುಂಡ ಲೆಕ್ಕಕ್ಕಿಲ್ಲ. ಎಲೆ ಮೇಲೆ ಧೂಳು ಕೂರುವುದಂತೂ ನಿಜ, ಎಂಟು ದಿನಕ್ಕೊಮ್ಮೆ ಹಸಿ ಬಟ್ಟೆಯಿಂದ ಒರೆಸಿ.

ಮನೆಬಳಕೆಗೆ ಲೋಳೆಸರವೇ ಸರಿ. ಬಿಸಿಲಿಗೆ ಕೆಂಪಾದರೆ ರೋಗವಲ್ಲ, ನೆರಳಿಗೆ ಸರಿಸಿದರೆ ಹಸಿರಾಗುತ್ತದೆ. ಕೊಯ್ದ ಎಲೆಯನ್ನು ಕಾಲು ತಾಸು ನೆಟ್ಟಗೆ ನಿಲ್ಲಿಸಿ ಹಳದಿ ರಸ ಬಸಿಯಿರಿ. ಅದು ಮೈಗೆ ತುರಿಕೆ, ಹೊಟ್ಟೆಗೆ ಹೋದರೆ ಭೇದಿ.

ಸ್ನೇಕ್ ಪ್ಲಾಂಟಿನ ಎಲೆಯನ್ನಂತೂ ಮಕ್ಕಳು, ಆಡು ಬಾಯಿಗೆ ಹಾಕಬಾರದು. ಆದರೆ ಅದರಲ್ಲಿ ಹುರಿ ಹೊಸೆಯುವ ನಾರು ಇದೆ. ನೀರಲ್ಲಿ ಕೊಳೆಹಾಕಿದರೆ ನಾತ ತಡೆಯಲಾಗದು. ಹಸಿ ಎಲೆಯನ್ನು ಹಲಗೆ ಮೇಲಿಟ್ಟು ಮೊಂಡ ಚಾಕುವಿನಿಂದ ಹೆರೆದರೆ ಬೆಳ್ಳಗೆ ಬರುತ್ತದೆ. ಆರು ಎಲೆಗೆ ಎರಡು ಮೊಳ ಹುರಿಯಾಯಿತು. ಸದ್ಯ ಟೊಮೆಟೊ ಗಿಡ ಅದರ ಮೇಲೇ ನಿಂತಿದೆ.