ವಾಲಗದ ಕಾಲಿಗೆ ಬ್ರೇಕ್‌ಬೀಟ್: ಕೊಡಗಿನ ಸಿದ್ದಾಪುರದಲ್ಲಿ ನಾವು ಡ್ಯಾನ್ಸ್ ಕ್ರೂ ಕಟ್ಟಿದ ಬಗೆ

ಕೊಡಗಿನ ಮದುವೆ, ಹಬ್ಬದ ವಾದ್ಯವಾದ ವಾಲಗಕ್ಕೆ ಕುಣಿದು ಬೆಳೆದವರಿಗೆ ಬ್ರೇಕಿಂಗ್‌ನ (ಬ್ರೇಕ್‌ಡ್ಯಾನ್ಸ್‌ನ) ಟಾಪ್‌ರಾಕ್, ಅಂದರೆ ನಿಂತು ಹಾಕುವ ಹೆಜ್ಜೆ, ಹೊಸದಾಗಿ ಕಲಿಸಬೇಕಾಗಿಲ್ಲ. ನಾನು ಹೀಗೆ ಹೇಳಿದಾಗ ಬೆಂಗಳೂರು, ಮೈಸೂರಿನ ಗೆಳೆಯರು ಒಪ್ಪಲಿಲ್ಲ. "ಮೊದಲು ಎಲ್ಲರಿಗೂ ಒಂದೇ ಬೇಸಿಕ್ಸ್ ಹಾಕಿಸು, ಸ್ಟೈಲ್ ಆಮೇಲೆ ನೋಡೋಣ" ಅಂದರು. ಒಬ್ಬ ಕೊರಿಯೋಗ್ರಾಫರ್ ನಮ್ಮ ವಿಡಿಯೋ ನೋಡಿ, "ಇದು ಮದುವೆ ಮನೆ ಕುಣಿತ, ಬ್ರೇಕಿಂಗ್ ಅಲ್ಲ" ಅಂತ ನೇರವಾಗಿ ಹೇಳಿಬಿಟ್ಟರು. ಹೋದ ವರ್ಷ ಮೈಸೂರಿನ ಒಂದು ಕ್ರೂ ಬ್ಯಾಟಲ್‌ನಲ್ಲಿ (ತಂಡಗಳು ಎದುರುಬದುರು ಕುಣಿಯುವ ಸ್ಪರ್ಧೆ) ನಾವು ಫೈನಲ್‌ಗೆ ಹೋದೆವು, ಎರಡನೇ ಸ್ಥಾನ ಬಂತು. ಆಮೇಲೆ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳಿದವರಲ್ಲಿ ಆ ಕೊರಿಯೋಗ್ರಾಫರ್ ಕೂಡ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಿಕ್ಸ್‌ಸ್ಟೆಪ್ ಹಾಕುವುದು, ಬೇಬಿ ಫ್ರೀಜ್‌ಗೆ ಮೊಣಕೈ ಊರುವುದು, ಇಂಥ ಶುರುವಿನ ಪಾಠ ಎಲ್ಲ ಬ್ರೇಕಿಂಗ್ ಮಾಡುವವರಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಾವು ಒಂಬತ್ತು ಮಂದಿ. ನಾನು ಅರೆಭಾಷೆ ಗೌಡರ ಮನೆಯವನು, ಸಿದ್ದಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಅಮ್ಮತ್ತಿ ಕಡೆಯ ಕೊಡವ ಅಣ್ಣ-ತಂಗಿ ಇಬ್ಬರು. ನೆಲ್ಯಹುದಿಕೇರಿಯ ಮಲಯಾಳಿ ಮುಸ್ಲಿಂ ಹುಡುಗ, ಚಿಕ್ಕಂದಿನಿಂದ ದಫ್ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ) ತಂಡದಲ್ಲಿದ್ದವನು. ಮಾಲ್ದಾರೆ ಕಡೆಯಿಂದ ಯರವರ ಹುಡುಗ ಒಬ್ಬ, ಜೇನು ಕುರುಬರ ಹುಡುಗ ಒಬ್ಬ. ತಾತನ ಕಾಲದಲ್ಲೇ ತಮಿಳುನಾಡಿನಿಂದ ತೋಟದ ಕೆಲಸಕ್ಕೆ ಬಂದ ಮನೆಯ ಹುಡುಗಿ, ಈಗ ನರ್ಸಿಂಗ್ ಓದುತ್ತಿದ್ದಾಳೆ. ಅಸ್ಸಾಮಿನ ಟೀ ತೋಟದ ಕುಟುಂಬದಿಂದ ಕಾಫಿ ಕೊಯ್ಲಿಗೆ ಬಂದು ಇಲ್ಲೇ ಉಳಿದ ಹುಡುಗ. ಬೈಲುಕುಪ್ಪೆಯ ಟಿಬೆಟನ್ ಹುಡುಗ, ಅವನು ನಮ್ಮ ಪಾಪರ್, ಅಂದರೆ ಸ್ನಾಯು ಬಿಗಿದು ಬಿಟ್ಟು ಮೈ ಝಟಕಿಸಿ ಕುಣಿಯುವವನು. ಸಿದ್ದಾಪುರವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಮಾಲ್ದಾರೆ, ಎಲ್ಲ ಕಡೆಯ ರಸ್ತೆಯೂ ಇಲ್ಲಿ ಸೇರುತ್ತದೆ. ಯಾರಿಗೂ ಎರಡು ಬಸ್ಸಿಗಿಂತ ಹೆಚ್ಚು ಬದಲಿಸಬೇಕಾಗಿಲ್ಲ.

ಮೊದಲ ವರ್ಷ ಎಲ್ಲರೂ ಹೇಳಿದ ಹಾಗೇ ಮಾಡಿದೆವು. ಒಂದೇ ಟಾಪ್‌ರಾಕ್, ಒಂದೇ ಎಂಟರ ಎಣಿಕೆ, ಗೋಡೆಗೆ ಕನ್ನಡಿ ಒರಗಿಸಿಕೊಂಡು ಸಾಲಾಗಿ ನಿಂತು ರುಟೀನ್. ಕೈಕಾಲು ಒಂದೇ ಹೊತ್ತಿಗೆ ಏಳುತ್ತಿತ್ತು, ಜೀವ ಮಾತ್ರ ಇರಲಿಲ್ಲ. ಯರವರ ಹುಡುಗ ಮೂರೇ ತಿಂಗಳಿಗೆ ಬರುವುದನ್ನು ಬಿಟ್ಟ. ಮನೆಗೆ ಹೋಗಿ ಕೇಳಿದೆ. "ಅಣ್ಣ, ಅಲ್ಲಿ ಎಣಿಸ್ತಾ ಇರ್ಬೇಕು. ನಂಗೆ ಎಣಿಸಿದ್ರೆ ಕಾಲು ನಿಂತು ಹೋಗುತ್ತೆ" ಅಂದ. ಅದೇ ಹುಡುಗ ಊರಿನ ಹಬ್ಬದಲ್ಲಿ ದುಡಿ ವಾದ್ಯದ ಸದ್ದಿಗೆ ಸೊಂಟ ಬಾಗಿಸಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತಾ ಬಹಳ ಹೊತ್ತು ಕುಣಿಯುವುದನ್ನು ನಾನು ಕಣ್ಣಾರೆ ನೋಡಿದ್ದೆ. ಬಾಗಿದ ಬೆನ್ನು, ಮಡಚಿದ ಮೊಣಕಾಲು, ನೆಲಕ್ಕೆ ಒಂದು ಗೇಣು ಬಾಕಿ. ನಿಂತಲ್ಲಿಂದ ನೆಲಕ್ಕೆ ಇಳಿಯುವ ಗೋ-ಡೌನ್ ಹೆಜ್ಜೆಗೆ ಇನ್ನೇನು ಬೇಕು?

ಅವತ್ತಿನಿಂದ ಎಣಿಕೆ ಬಂದ್. ಬಾಯಲ್ಲೇ ತಾಳ ಹೇಳುವುದು ಶುರು ಮಾಡಿದೆವು. ಒಬ್ಬೊಬ್ಬರೂ ತಮ್ಮ ಮನೆಯ ಕುಣಿತದ ಹೊಡೆತವನ್ನು ಬಾಯಲ್ಲಿ ಹೇಳಬೇಕು, ಉಳಿದವರು ಅದಕ್ಕೆ ನಡೆಯಬೇಕು. ಹೆಜ್ಜೆ ಹಾಕುವುದು ಬೇಡ, ಸುಮ್ನೆ ನಡೆದರೆ ಸಾಕು. ಹದಿನೈದು ಇಪ್ಪತ್ತು ನಿಮಿಷ ಇದು. ಆಮೇಲೆ ಅದೇ ನಡಿಗೆಯ ಜೊತೆಗೆ ಬ್ರೇಕ್‌ಬೀಟ್ (ಬ್ರೇಕಿಂಗ್‌ಗೆ ಹಾಕುವ ಡ್ರಮ್ ತಾಳ) ಸಣ್ಣಗೆ ಹಾಕಿ ನಿಧಾನಕ್ಕೆ ದನಿ ಏರಿಸುವುದು. ವಾಲಗದ ನಡೆ ತೂಗುತ್ತದೆ, ಬ್ರೇಕ್‌ಬೀಟ್ ಕುಟ್ಟುತ್ತದೆ. ಎರಡೂ ಮೊದಲಿಗೆ ಕೂಡುವುದಿಲ್ಲ. ಕೂಡುವ ಒಂದು ಜಾಗ ಇದೆ. ಅಲ್ಲಿ ದೇಹದ ಭಾರ ಯಾವ ಕಾಲಿನ ಮೇಲೆ ಇರಬೇಕು ಅನ್ನುವುದರಲ್ಲಿ ಎಲ್ಲ ಗುಟ್ಟೂ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ಬ್ಯಾಟಲ್ ಬಾಕಿ ಇದೆ.

"ಇದು ಬ್ರೇಕಿಂಗ್ ಅಲ್ಲ" ಅನ್ನುವವರಿಗೆ ನನ್ನ ಉತ್ತರ ಚಿಕ್ಕದು. 1973ರಲ್ಲಿ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಡಿಜೆ ಕೂಲ್ ಹರ್ಕ್ ಹಾಡಿನ ಬ್ರೇಕ್ ಭಾಗವನ್ನು (ಹಾಡು ನಿಂತು ತಾಳ ಉಳಿಯುವ ಜಾಗ) ಎರಡು ಟರ್ನ್‌ಟೇಬಲ್ ಇಟ್ಟು ಉದ್ದ ಮಾಡಿದಾಗ ಅಲ್ಲಿಗೆ ಇಳಿದ ಹುಡುಗರು ತಮ್ಮ ಮನೆ, ಬೀದಿಯ ಕುಣಿತವನ್ನೇ ತಂದಿದ್ದರು. ಕಪ್ಪು ಜನರ ಮಕ್ಕಳು, ಸ್ವಲ್ಪ ಕಾಲದಲ್ಲೇ ಪೋರ್ಟೊರಿಕೊ ಮೂಲದ ಮಕ್ಕಳು, ಎಲ್ಲರೂ ಸೇರಿ ಕಟ್ಟಿದ್ದು ಇದು. ಹಳೆ ಕಥೆ ಬೇಡ ಅಂದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬ್ರೇಕಿಂಗ್ ಸ್ಪರ್ಧೆ ನೋಡಿ. ತೀರ್ಪಿಗೆ ಐದು ಅಂಶ ಇಟ್ಟಿದ್ದರು: ಟೆಕ್ನಿಕ್, ವೊಕ್ಯಾಬ್ಯುಲರಿ, ಎಕ್ಸಿಕ್ಯೂಶನ್, ಮ್ಯೂಸಿಕಾಲಿಟಿ, ಒರಿಜಿನಾಲಿಟಿ. ಒಂದೊಂದಕ್ಕೆ ನೂರರಲ್ಲಿ 20. ಬೇರೆಯವರ ಬಳಿ ಇಲ್ಲದ ಹೆಜ್ಜೆ ನಮ್ಮ ಮನೆಯಲ್ಲೇ ಬಿದ್ದಿರುವಾಗ ಯೂಟ್ಯೂಬ್ ನೋಡಿ ಕಾಪಿ ಹೊಡೆಯುವುದು ಯಾಕೆ?

ಇನ್ನು ಪರಿಯಕಳಿ ಅನ್ನುವ ಕೊಡವರ ಆಟದ ವಿಷಯ. ನಮ್ಮ ಕೊಡವ ಹುಡುಗನ ಅಜ್ಜ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಮಂದ್‌ಗೆ, ಅಂದರೆ ಊರಿನ ಹಬ್ಬದ ಬಯಲಿಗೆ ಹೋಗಿ ಆಡುತ್ತಿದ್ದವರು. ಒಂದು ಕೈಯಲ್ಲಿ ಸಣ್ಣ ಗುರಾಣಿ, ಇನ್ನೊಂದರಲ್ಲಿ ಬೆತ್ತ, ಹೊಡೆತ ಮೊಣಕಾಲಿನ ಕೆಳಗೆ ಮಾತ್ರ. ಮೊಮ್ಮಗನ ಕಾಲು ನೋಡಿದಾಗ ನನಗೆ ಹೊಳೆಯಿತು, ಇವನು ಕಾಲನ್ನು ಎತ್ತುವುದಿಲ್ಲ, ಕದಿಯುತ್ತಾನೆ. ಅದನ್ನೇ ಅಭ್ಯಾಸಕ್ಕೆ ತಂದೆವು. ಒಬ್ಬ ಟಾಪ್‌ರಾಕ್ ಹಾಕುತ್ತಿರಬೇಕು, ಎದುರಿನವನು ಪೇಪರ್ ಸುತ್ತಿ ಟೇಪ್ ಹಾಕಿದ ಕೋಲಿನಿಂದ ಅವನ ಕಣಕಾಲಿಗೆ ಬೀಸಬೇಕು. ಬೀಟ್ ತಪ್ಪಿದರೂ ಔಟ್, ಪೆಟ್ಟು ಬಿದ್ದರೂ ಔಟ್. ಖರ್ಚು ಏನೂ ಇಲ್ಲ. ಆರು ತಿಂಗಳಲ್ಲಿ ಎಲ್ಲರ ಫುಟ್‌ವರ್ಕ್ ಎಷ್ಟು ಚುರುಕಾಯಿತು ಅಂದರೆ, ಬ್ಯಾಟಲ್‌ನಲ್ಲಿ ಎದುರಿನ ಕ್ರೂ ನಮ್ಮ ಕಾಲನ್ನೇ ನೋಡುತ್ತಾ ನಿಂತುಬಿಟ್ಟಿತ್ತು. ಈ ಒಂದು ಅಭ್ಯಾಸ ನನ್ನದೇ ಕಲ್ಪನೆ. ಬೇರೆ ಎಲ್ಲೂ ನಾನು ನೋಡಿಲ್ಲ, ಹೆಮ್ಮೆಯಿಂದ ಹೇಳುತ್ತೇನೆ.

ದಫ್ ಹುಡುಗನ ಬಲ ಬೇರೆ. ದಫ್ ಮುಟ್ಟ್‌ನಲ್ಲಿ ಮಂಡಿಯೂರಿ ಕೂತು, ಏಳುತ್ತಾ, ಎಡಕ್ಕೆ ಬಲಕ್ಕೆ ಒಲೆಯುತ್ತಾ ಕೈ ತಪ್ಪದೆ ಬಾರಿಸಬೇಕು. ಹಾಗಾಗಿ ಅವನ ತೊಡೆ, ಸೊಂಟ ಎರಡೂ ಗಟ್ಟಿ. ನೆಲದಿಂದ ಕೈ ಊರದೆ ಎದ್ದು ನಿಲ್ಲುವುದನ್ನು ನಮಗೆಲ್ಲ ಅವನೇ ಕಲಿಸಿದ. ಅಸ್ಸಾಮಿನವನು ಜುಮುರ್ ಕುಣಿತದಲ್ಲಿ ಒಬ್ಬರ ಸೊಂಟ ಒಬ್ಬರು ಹಿಡಿದು ಸಾಲಾಗಿ ತೂಗುವುದನ್ನು ತಂದ. ನಮ್ಮ ಎಂಟ್ರಿ ಅದರಿಂದಲೇ. ಸಾಲು ಬಿಚ್ಚುತ್ತಾ ಬಿಚ್ಚುತ್ತಾ ಸೈಫರ್, ಅಂದರೆ ಒಬ್ಬೊಬ್ಬರೇ ನಡುವೆ ಬಂದು ಕುಣಿಯುವ ವೃತ್ತ, ಆಗುತ್ತದೆ. ಮೇಲಾಗಿ ಅವನು ಕೊಯ್ಲಿನ ಕಾಲದಲ್ಲಿ ದಿನವಿಡೀ ಐವತ್ತು ಕಿಲೋ ಮೂಟೆ ಹೊತ್ತವನು. ಏರ್‌ಫ್ರೀಜ್‌ನಲ್ಲಿ ಒಂದೇ ಕೈ ಮೇಲೆ ನಿಂತರೆ ಭುಜ ಸ್ವಲ್ಪವೂ ನಡುಗುವುದಿಲ್ಲ. ತಮಿಳು ಹುಡುಗಿ ಪರೈ ತಮಟೆಯ ಹೊಡೆತಕ್ಕೆ ಕುಣಿದವಳು, ಅವಳ ಹೆಜ್ಜೆ ನೆಲ ಅದುರಿಸುತ್ತದೆ. ಅವಳೇ ನಮ್ಮ ಕ್ಲೋಸರ್, ಆಟ ಮುಗಿಸುವವಳು. ಟಿಬೆಟನ್ ಹುಡುಗನಿಗೆ ಮಾತ್ರ ನಾವೇನೂ ಹೇಳಿಕೊಡಲಿಲ್ಲ. ಗೋರ್ಶೆ ಅನ್ನುವ ಟಿಬೆಟನ್ ಕುಣಿತದ ನಿಧಾನದ ವೃತ್ತದಿಂದ ಬಂದವನು, ಅವನ ಹಿಟ್ (ಮೈ ಝಟಕಿಸುವುದು) ಗಡಿಯಾರ ಇಟ್ಟಷ್ಟು ಸರಿ.

ಮುಟ್ಟದೆ ಬಿಟ್ಟದ್ದೂ ಇದೆ. ದೀಪದ ಸುತ್ತ ಆಡುವ ಬೊಳಕಾಟ್ ಬೇಡ, ಕೊಡವರ ಉಡುಪು ಕುಪ್ಯ-ಚೇಲೆ ಹಾಕಿ ನೆಲದಲ್ಲಿ ಉರುಳುವುದು ಬೇಡ ಅಂತ ಕೊಡವ ಹುಡುಗನ ಅಜ್ಜ ಮೊದಲೇ ಹೇಳಿದರು. ದಫ್ ಕಲಿಸಿದ ಉಸ್ತಾದರೂ ಬೈತ್ ಅನ್ನುವ ಭಕ್ತಿಯ ಹಾಡುಗಳನ್ನು ಬೀಟ್‌ಗೆ ಹಾಕಬೇಡಿ ಅಂದರು. ಇಬ್ಬರ ಮಾತೂ ಸರಿ. ನಮಗೆ ಬೇಕಾದ್ದು ದೇಹ ಕಲಿತದ್ದು ಮಾತ್ರ. ಟ್ರ್ಯಾಕ್‌ಸೂಟ್‌ನಲ್ಲೇ ಆಡುತ್ತೇವೆ. ಮನೆಯ ಹಿರಿಯರನ್ನು ಕೇಳದೆ ಸ್ಟೇಜಿಗೆ ತಂದು ಆಮೇಲೆ ಗಲಾಟೆ ಮಾಡಿಕೊಂಡ ತಂಡಗಳನ್ನು ನೋಡಿದ್ದೇನೆ. ಹೊಸ ಕ್ರೂ ಕಟ್ಟುವವರು ಮೊದಲು ಹಿರಿಯರ ಜೊತೆ ಕಾಫಿ ಕುಡಿಯಿರಿ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಫ್ಲೋರ್. ತೋಟದ ಕಾಫಿ ಕಣ ನೋಡಿದರೆ ಬೇಕಾದಷ್ಟು ಜಾಗ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ರೋಬಸ್ಟಾ ಕಾಫಿ ಒಣಗುತ್ತಿರುತ್ತದೆ, ಜೂನ್‌ನಿಂದ ಮಳೆ. ಬೇಸಿಗೆಯ ಕೊನೆಗೆ ಸ್ವಲ್ಪ ದಿನ, ದಸರಾ ಆದಮೇಲೆ ಸ್ವಲ್ಪ ದಿನ, ಅಷ್ಟೇ ನಮಗೆ ಸಿಗುವುದು. ಸಿಮೆಂಟಿನ ಮೇಲೆ ವಿಂಡ್‌ಮಿಲ್ (ಬೆನ್ನು, ಭುಜದ ಮೇಲೆ ಉರುಳಿ ತಿರುಗುವುದು) ಹಾಕಿ ಎಲ್ಲರ ಭುಜದ ಚರ್ಮ ಹೋಯಿತು. ಹಳೆ ಫ್ಲೆಕ್ಸ್ ಬ್ಯಾನರ್ ತಿರುಗಿಸಿ ಹಾಸಿದೆವು. ಬ್ಯಾಕ್‌ಸ್ಪಿನ್ ಚೆನ್ನಾಗಿ ಬಂತು. ಆದರೆ ಮಂಜು ಬಿದ್ದ ಬೆಳಿಗ್ಗೆ ಅದರ ಮೇಲೆ ನಿಲ್ಲಲೂ ಆಗಲಿಲ್ಲ, ಒಬ್ಬನ ಮಣಿಕಟ್ಟು ಉಳುಕಿತು. ಕೇರಂ ಪೌಡರ್ ಉದುರಿಸಿ ನೋಡಿದೆವು. ಅರ್ಧ ಗಂಟೆ ಚೆನ್ನಾಗಿತ್ತು, ಬೆವರು ಬಿದ್ದ ಮೇಲೆ ಪೂರಾ ಅಂಟು. ಆಮೇಲೆ 12 ಎಂಎಂ ಪ್ಲೈವುಡ್ ಆರು ಶೀಟು ತಂದೆವು, ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಗೆ ಎರಡು ಶೀಟು ಉಬ್ಬಿ ಅಂಚು ಬಿಟ್ಟುಕೊಂಡವು. ಮೂರು ಸಾವಿರ ನೀರಿಗೆ ಹೋಯಿತು.

ಕೊನೆಗೆ ಸಿಕ್ಕಿದ್ದು ಒಂದು ತೋಟದ ಕಾಫಿ ಗೋಡೌನ್. ಕಾಫಿ ಮಾರಿದ ಮೇಲೆ ಮಳೆಗಾಲವಿಡೀ ಅದು ಖಾಲಿ. ತೋಟದ ಲೆಕ್ಕ ಬರೆಯುವ ರೈಟರ್ ಮೂಲಕ ಸಾವ್ಕಾರ್ರನ್ನು ಕಂಡು ಕೇಳಿದೆವು. "ಡ್ಯಾನ್ಸಾ? ಮಾಡಿ. ಆದ್ರೆ ಸೀಸನ್‌ನಲ್ಲಿ ಲೋಡಿಂಗ್‌ಗೆ ಜನ ಸಿಗಲ್ಲ, ಆಗ ನೀವು ಬರ್ಬೇಕು" ಅಂದರು. ಬಾಡಿಗೆ ಇಲ್ಲ, ಬದಲಿಗೆ ಕೆಲಸ. ನಮಗೆ ಇದೇ ಒಳ್ಳೆಯದಾಯಿತು. ಈಗ ನಾಲ್ಕು ಶೀಟು ಅಲ್ಲಿದೆ. ಕೆಳಗೆ ಗೋಣಿ ಚೀಲ ಮಡಚಿ ಹಾಕಿದ್ದೇವೆ, ಬಿದ್ದರೆ ಪೆಟ್ಟು ಕಮ್ಮಿ. ತೇವ ಮೇಲೆ ಬಾರದ ಹಾಗೆ ಗೋಣಿಯ ಕೆಳಗೆ ಇನ್ನೊಂದು ಹಾಸು ಇದೆ. ಅದು ಏನು ಅಂತ ಬೇಕಿದ್ದರೆ ಬಂದು ನೋಡಿ, ಬರೆಯುವುದಿಲ್ಲ.

ಅಭ್ಯಾಸ ಮಧ್ಯಾಹ್ನ ಎರಡಕ್ಕೆ ಶುರು, ಸಂಜೆ ಐದಕ್ಕೆ ಮುಗಿಯಲೇಬೇಕು. ಕಾರಣ ಆನೆ. ಮಾಲ್ದಾರೆ ರಸ್ತೆಯಲ್ಲಿ ಕತ್ತಲಾದ ಮೇಲೆ ಮಕ್ಕಳನ್ನು ಕಳಿಸುವ ಧೈರ್ಯ ನನಗಿಲ್ಲ. ಒಮ್ಮೆ ತೋಟದಲ್ಲಿ ಆನೆ ಇದೆ ಅಂತ ಸುದ್ದಿ ಬಂದು ಜೀಪ್ ಬರುವವರೆಗೆ ಗೋಡೌನ್ ಬಾಗಿಲು ಹಾಕಿಕೊಂಡು ಕೂತೆವು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಗೆ ನೀರು ನುಗ್ಗಿದಾಗ ದಫ್ ಹುಡುಗನ ಮನೆಯವರು ಪರಿಹಾರ ಕೇಂದ್ರದಲ್ಲಿದ್ದರು. ಆಗ ನಮ್ಮ ಕ್ರೂ ಇನ್ನೂ ಹುಟ್ಟಿರಲಿಲ್ಲ. ಕೇಂದ್ರದಲ್ಲಿ ಮಕ್ಕಳನ್ನು ಸೇರಿಸಿ ಕುಣಿಸುತ್ತಿದ್ದ ಅವನನ್ನು ನಾನು ಮೊದಲು ನೋಡಿದ್ದು ಅಲ್ಲೇ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲ ಎರಡು ವರ್ಷದಲ್ಲಿ ಅರವತ್ತು ಎಪ್ಪತ್ತು ಸಾವಿರ ಕೈಬಿಟ್ಟಿದೆ. ಸೆಕೆಂಡ್ ಹ್ಯಾಂಡ್ ಸ್ಪೀಕರ್ 11,000. ಶೂ ಒಂದೊಂದು ಜೊತೆಗೆ 1,500ರ ಹತ್ತಿರ, ಆರು ತಿಂಗಳಿಗೆ ತಳ ಹೋಗುತ್ತದೆ. ಪಿಕಪ್ ಬಾಡಿಗೆ ಒಂದು ಶೋಗೆ 1,200, ದೂರ ಆದರೆ 3,000. ಮೊದಲ ಬಂಡವಾಳ ಕಾಫಿಯಿಂದಲೇ ಬಂತು. ಜನವರಿ ಭಾನುವಾರಗಳಲ್ಲಿ ಎಲ್ಲರೂ ಕೊಯ್ಲಿಗೆ ಹೋದೆವು, ಕಿಲೋಗೆ ಐದಾರು ರೂಪಾಯಿ. ಕೊಯ್ಯುವುದರಲ್ಲಿ ತಮಿಳು ಹುಡುಗಿಯ ಅಮ್ಮನ ಮುಂದೆ ನಾವು ಯಾರೂ ನಿಲ್ಲಲಿಲ್ಲ. ಈಗ ಮದುವೆ ಶೋಗೆ 8,000ದಿಂದ 10,000 ತೆಗೆದುಕೊಳ್ಳುತ್ತೇವೆ. ದಸರಾ ಹೊತ್ತಿಗೆ ಒಬ್ಬ ಆಯೋಜಕರು 15,000 ಕೊಡುತ್ತೇವೆ ಅಂತ ಕರೆದು, ಆಡಿದ ಮೇಲೆ 5,000 ಕೈಗಿಟ್ಟು ಫೋನ್ ಎತ್ತುವುದನ್ನೇ ಬಿಟ್ಟರು. ಅವತ್ತಿನಿಂದ ಅರ್ಧ ಮುಂಗಡ ಬರದೆ ಪಿಕಪ್ ಹೊರಡುವುದಿಲ್ಲ. ಬಂದ ದುಡ್ಡಲ್ಲಿ ಬಸ್ ಖರ್ಚು ಮೊದಲು, ಉಳಿದದ್ದು ಒಂಬತ್ತು ಪಾಲು. ನನಗೆ ಜಾಸ್ತಿ ಪಾಲು ಇಲ್ಲ.

ಮಧ್ಯೆ ಒಂದು ಬೇರೆ ಪ್ರಯೋಗ. ಜೇನು ಕುರುಬರ ಹುಡುಗ ಮೇ ತಿಂಗಳ ಕುಂಡೆ ಹಬ್ಬಕ್ಕೆ ದೇವರಪುರಕ್ಕೆ ಹೋಗುವವನು. ವೇಷ ಹಾಕಿ, ಡಬ್ಬ, ಬಕೆಟ್ ಬಡಿಯುತ್ತಾ ಗೋಣಿಕೊಪ್ಪದ ಬೀದಿಯಲ್ಲಿ ಕುಣಿಯುತ್ತಾ ಹೋಗುವ ಹಬ್ಬ ಅದು. ನಿಜವಾದ ಬೀದಿ ಕುಣಿತ ಅಂದರೆ ಅದೇ ಅಲ್ವಾ? ಅವನ ಬಕೆಟ್ ಬಡಿತವನ್ನು ಫೋನಲ್ಲಿ ರೆಕಾರ್ಡ್ ಮಾಡಿ ಲೂಪ್ ಮಾಡಿದೆ. ಫೋನ್ ರಿಪೇರಿ ಅಂಗಡಿಯವನಿಗೆ ಅಷ್ಟು ಗೊತ್ತಿರುತ್ತದೆ. ಆದರೆ ಲೂಪ್ ಮಾಡಿದ ತಕ್ಷಣ ಅದು ಸತ್ತುಹೋಯಿತು. ಅವನು ಬಡಿಯುತ್ತಾ ಬಡಿಯುತ್ತಾ ವೇಗ ಸ್ವಲ್ಪ ಏರಿಸುತ್ತಾನೆ, ಲೂಪ್‌ಗೆ ಅದು ಬರುವುದಿಲ್ಲ. ಹಾಗಾಗಿ ಈಗ ಶೋನಲ್ಲಿ ಅವನೇ ಪಕ್ಕದಲ್ಲಿ ಬಕೆಟ್ ಹಿಡಿದು ಕೂರುತ್ತಾನೆ, ಕೊನೆಗೆ ಬಕೆಟ್ ಬಿಟ್ಟು ಹೆಡ್‌ಸ್ಪಿನ್‌ಗೆ ಬರುತ್ತಾನೆ. ಮೈಸೂರಿನಲ್ಲಿ ಲೈವ್ ವಾದ್ಯಕ್ಕೆ ಬಿಡುವುದಿಲ್ಲ ಅಂದರು. ಫೈನಲ್ ಸೋತದ್ದರಲ್ಲಿ ಅದರ ಪಾಲೂ ಇದೆ ಅಂತ ನನ್ನ ಅನಿಸಿಕೆ.

ಕೊಡವ ಹೆಂಗಸರ ಕುಣಿತ ಉಮ್ಮತಾಟ್‌ನ ಕೈತಾಳ ಇಟ್ಟುಕೊಂಡು ಕೊಡವ ಹುಡುಗಿ ಲಾಕಿಂಗ್ (ಚಲನೆಯ ನಡುವೆ ತಟ್ಟನೆ ಬಿಗಿದು ನಿಲ್ಲುವ ಕುಣಿತ) ಮಾಡಲು ನೋಡಿದಳು. ಕೈಯಲ್ಲಿ ತಾಳ ಇದ್ದರೆ ಮಣಿಕಟ್ಟು ಸರಿಯಾಗಿ ತಿರುಗುವುದಿಲ್ಲ, ಬಿಟ್ಟೆವು. ಅವಳು ಮಾತ್ರ ಬಿಟ್ಟಿಲ್ಲ, ಸಣ್ಣ ತಾಳ ಮಾಡಿಸಲು ಕೊಟ್ಟಿದ್ದಾಳೆ.

ಈ ಸೀಸನ್‌ಗೆ ಗೋಡೌನ್ ಡಿಸೆಂಬರ್ ಮೊದಲ ವಾರ ಬಿಟ್ಟುಕೊಡಬೇಕು. ಅಲ್ಲಿಂದ ಮಾರ್ಚ್‌ವರೆಗೆ ಅಭ್ಯಾಸಕ್ಕೆ ಜಾಗ ಇಲ್ಲ. ಅಮ್ಮತ್ತಿಯಲ್ಲಿ ಒಂದು ಹಳೆ ರೈಸ್‌ಮಿಲ್ ನೋಡಿ ಬಂದಿದ್ದೇನೆ. ನೆಲ ರೆಡ್ ಆಕ್ಸೈಡ್, ಸವೆದು ನುಣ್ಣಗಾಗಿದೆ, ಪ್ಲೈವುಡ್ಡೇ ಬೇಡ. ಮಾಲೀಕರು ತಿಂಗಳಿಗೆ ಎರಡು ಸಾವಿರ ಕೇಳಿದ್ದಾರೆ, ನಾವು ಸಾವಿರಕ್ಕೆ ನಿಂತಿದ್ದೇವೆ. ಸಾವಿರದ ಐನೂರಕ್ಕೆ ಕುದುರಬಹುದು.