ಏಕಾದಶಿಯ ದಿನ ಒಗ್ಗರಣೆ ಡಬ್ಬಿ ಅಟ್ಟಕ್ಕೆ

ಎಣ್ಣೆ ಕಾದರೆ ಸಾಕು, ಕೈ ತಾನಾಗಿಯೇ ಉದ್ದಿನಬೇಳೆಯ ಬಟ್ಟಲಿಗೆ ಹೋಗುತ್ತದೆ. ಏಕಾದಶಿಯ ಉಪವಾಸಕ್ಕೆ ಬೇಳೆ ಸಲ್ಲದು, ಆದರೆ 40 ವರ್ಷ ಒಲೆಯ ಮುಂದೆ ನಿಂತ ಕೈಗೆ ತಿಥಿ ಗೊತ್ತಾಗುವುದಿಲ್ಲ. ಹೀಗೆಯೇ ಒಂದು ಏಕಾದಶಿಗೆ ಬಾಣಲೆ ತುಂಬ ಮಾಡಿದ ಬಾಳೆಕಾಯಿ ಪಲ್ಯ ಹಟ್ಟಿಯ ದನದ ಪಾಲಾಯಿತು. ಅತ್ತೆ ಒಂದು ಮಾತೂ ಆಡಲಿಲ್ಲ, ಬಾಳೆಹಣ್ಣು ಸುಲಿಯುತ್ತಾ ಕುಳಿತರು. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ದಶಮಿಯ ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಗ್ಗರಣೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿಬಿಡುತ್ತೇನೆ. ಅದರ ಜಾಗದಲ್ಲಿ ಜೀರಿಗೆ, ಕಾಳುಮೆಣಸು, ಸೈಂಧವ ಲವಣದ ಸಣ್ಣ ಡಬ್ಬಿ. ನಮ್ಮ ಕಾಸರಗೋಡು ಕಡೆಯ ಬದಿಯಡ್ಕದ ಪೇಟೆಯಲ್ಲಿ ಇಂದುಪ್ಪು ಎಂದು ಕೇಳಿದರೆ ಬೇಗ ತೆಗೆದುಕೊಡುತ್ತಾರೆ. ಇಂಗನ್ನೂ ಅಂದು ಮುಟ್ಟಬೇಡಿ. ಹುಡಿ ಇಂಗಿನ ಡಬ್ಬಿಯ ಹಿಂಬದಿಯನ್ನು ಕನ್ನಡಕ ಹಾಕಿಕೊಂಡು ಓದಿ ನೋಡಿ, ಹೆಚ್ಚಿನವುಗಳಲ್ಲಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ.

ಉಪವಾಸಕ್ಕೆ ಮನೆಗೊಂದು ಕಟ್ಟಳೆ. ಕೆಲವರಿಗೆ ಅನ್ನ ಬಿಟ್ಟರೆ ಆಯಿತು, ಗೋಧಿ ಸಜ್ಜಿಗೆ, ಅವಲಕ್ಕಿ ನಡೆಯುತ್ತದೆ. ಇನ್ನು ಕೆಲವರಿಗೆ ಅವಲಕ್ಕಿಯೂ ಭತ್ತದ್ದೇ, ಆದ್ದರಿಂದ ಬೇಡ. ಷಷ್ಠಿಯದು ಬೇರೆಯೇ ಲೆಕ್ಕ, ಅಂದು ಒಪ್ಪೊತ್ತು: ಮಧ್ಯಾಹ್ನ ಸುಬ್ರಹ್ಮಣ್ಯನಿಗೆ ನೈವೇದ್ಯವಾದ ಮೇಲೆ ಅನ್ನದ ಊಟ, ರಾತ್ರಿ ಫಲಾಹಾರ. ಯಾವುದು ಸರಿ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನೆಂಟರಿದ್ದರೆ ಕೇಳಿಕೊಂಡೇ ಒಲೆ ಹಚ್ಚಿ.

ಸಾಬಕ್ಕಿಯ ಬಗ್ಗೆ ಒಂದು ಮಾತು. ನಮ್ಮ ಅತ್ತೆ ಏಕಾದಶಿಗೆ ಮರಗೆಣಸನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅದು ಹೊರಗಿನಿಂದ ಬಂದ ಗಡ್ಡೆಯಂತೆ. ಸಾಬಕ್ಕಿ ಪಾಯಸ ಮಾತ್ರ ಎರಡು ಲೋಟ! ಸಾಬಕ್ಕಿ ಎಂದರೆ ಸೇಲಂ ಕಡೆಯ ಕಾರ್ಖಾನೆಗಳಲ್ಲಿ ಅದೇ ಮರಗೆಣಸಿನ ಹಾಲಿನಿಂದ ಮಾಡುವ ಮಣಿ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಹೆಸರಿನಲ್ಲಿ ಅಕ್ಕಿ ಇದೆ ಎಂದು ನೀವೂ ಹೆದರಬೇಡಿ, ಅದು ಧಾನ್ಯವಲ್ಲ. ಆದರೆ ಅದನ್ನು ವಡೆ ಮಾಡಿ ಎಣ್ಣೆಯಲ್ಲಿ ಕರಿದು ಹತ್ತು ತಿಂದು ಸಂಜೆ ಹೊಟ್ಟೆ ಹಿಡಿದುಕೊಳ್ಳುವುದಕ್ಕೆ ಉಪವಾಸವೇಕೆ?

ನನ್ನ ಮೆಚ್ಚು ಕೂವೆ, ಅಂದರೆ ಆರಾರೂಟ್ ಹುಡಿ ಕೊಡುವ ಗಡ್ಡೆ. ಧನು ತಿಂಗಳಲ್ಲಿ ಎಲೆ ಒಣಗಿ ನೆಲಕ್ಕೆ ಒರಗಿದಾಗ ಗಡ್ಡೆ ಅಗೆಯಬೇಕು. ಅವಸರ ಮಾಡಿದರೆ ಹುಡಿ ಕಡಿಮೆ, ತಡ ಮಾಡಿದರೆ ನಾರು ಹೆಚ್ಚು. ಸಿಪ್ಪೆ ಕೆರೆದು, ತೊಳೆದು, ತುರಿದು, ನೀರಿನಲ್ಲಿ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ. ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಬೆಳಗ್ಗೆ ತಳದಲ್ಲಿ ಸುಣ್ಣದಂತಹ ಬಿಳಿ ಪದರ ಕೂತಿರುತ್ತದೆ. ಮೇಲಿನ ಕಂದು ನೀರನ್ನು ಬಗ್ಗಿಸಿ ಚೆಲ್ಲಿ, ಹೊಸ ನೀರು ಹಾಕಿ ಕಲಕಿ ಮತ್ತೆ ಇಡಿ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ಹೀಗೆ ಮಾಡಬೇಕು, ಕಾಡುಕೂವೆಯಾದರೆ ಕಹಿ ಹೋಗಲು ಇನ್ನೂ ಹೆಚ್ಚು ಸಲ. ಆಮೇಲೆ ಬಿಸಿಲಿಗೆ ಹರವಿ. 10 ಕಿಲೋ ಗಡ್ಡೆಗೆ ಒಂದೂವರೆ ಕಿಲೋ ಹುಡಿ ಸಿಕ್ಕರೆ ಅದೃಷ್ಟ. ಚೆನ್ನಾಗಿ ಒಣಗಿದ್ದನ್ನು ಭರಣಿಯಲ್ಲಿಟ್ಟರೆ ಮುಂದಿನ ಧನುವಿಗೂ ಕೆಡುವುದಿಲ್ಲ. ಪಕ್ಕದ ಮಲಯಾಳಿ ಮನೆಯವರಿಗೆ ತಿರುವಾದಿರೆಯ ದಿನ ಇದರದ್ದೇ ಪಾಯಸವಾಗಬೇಕು, ಅಂದು ಅಲ್ಲಿನ ಹೆಂಗಸರು ಅನ್ನ ಮುಟ್ಟುವುದಿಲ್ಲ. ಹಾಗಾಗಿ ಒಂದು ಪೊಟ್ಟಣ ಪ್ರತಿವರ್ಷ ಬೇಲಿ ದಾಟುತ್ತದೆ.

ಹಲ್ವದಂತೆ ಗಟ್ಟಿಯಾಗುವ ಸಿಹಿ ಮಣ್ಣಿ ಮಾಡುವುದಾದರೆ ಒಂದು ಲೋಟ ಕೂವೆ ಹುಡಿಗೆ ಮೂರು ಲೋಟ ನೀರು, ಒಂದು ಲೋಟ ದಪ್ಪ ತೆಂಗಿನಹಾಲು, ಒಂದು ಲೋಟ ಬೆಲ್ಲ. ಹುಡಿಯನ್ನು ಮೊದಲು ತಣ್ಣೀರಿನಲ್ಲಿಯೇ ಕದಡಿ. ಬಿಸಿ ನೀರು ಸೋಕಿದರೆ ಗಂಟುಗಳು, ಮತ್ತೆ ಬ್ರಹ್ಮ ಬಂದರೂ ಒಡೆಯುವುದಿಲ್ಲ. ಕದಡಿ ಇಟ್ಟು ಫೋನಿಗೆ ಹೋಗಿ ಬಂದಿರೋ, ಅದು ತಳದಲ್ಲಿ ಕಲ್ಲಾಗಿ ಕೂತಿರುತ್ತದೆ. ಉರುಳಿ ಪಾತ್ರೆಗೆ ಸುರಿಯುವ ಮೊದಲು ಕೈ ಹಾಕಿ ಇನ್ನೊಮ್ಮೆ ಕಲಕಿ. ಬೆಲ್ಲ ಕರಗಿಸಿ ಸೋಸಿಯೇ ಹಾಕಬೇಕು, ಬೆಂಕಿ ಸಣ್ಣದಿರಬೇಕು. ಸ್ವಲ್ಪ ಹೊತ್ತು ಏನೂ ಆಗದಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಸೌಟು ಭಾರವಾಗುತ್ತದೆ. ಹಾಲಿನ ಬಣ್ಣ ಹೋಗಿ ಗಾಜಿನಂತೆ ಹೊಳೆದು, ಉರುಳಿಯ ಅಂಚು ಬಿಟ್ಟರೆ ಬೆಂದಿತು. ಎಷ್ಟು ತಿರುವಿದರೂ ಹೊಳಪು ಬಾರದೆ ಮಂಕಾಗಿಯೇ ಉಳಿದರೆ ಅಂಗಡಿಯವನು ಏನೋ ಬೆರೆಸಿದ್ದಾನೆ ಎಂದೇ ಲೆಕ್ಕ. ಮಣ್ಣಿ ಬೇಡವೆಂದರೆ ಎರಡು ಚಮಚ ಹುಡಿಯನ್ನು ಎರಡು ಲೋಟ ಹಾಲಿನಲ್ಲಿ ಕಾಸಿ ಏಲಕ್ಕಿ ಹಾಕಿ ಕುಡಿಯಿರಿ, ಮುದುಕರಿಗೂ ಮಕ್ಕಳಿಗೂ ಹಗುರ.

ಸಕ್ಕರೆ ಕಾಯಿಲೆಯವರಿಗೆ ಮಾತ್ರ ಕೂವೆಯೂ ಸಾಬಕ್ಕಿಯೂ ಬರೀ ಪಿಷ್ಟ, ರಕ್ತದ ಸಕ್ಕರೆ ಏರಿಸುತ್ತವೆ. ನಮ್ಮ ಯಜಮಾನರು ಮಾತ್ರೆ ನುಂಗಿ ನಿರಾಹಾರ ಕೂತು, ಮಧ್ಯಾಹ್ನ ಬೆವರಿ ನಡುಗಿ ಜಗಲಿಯಲ್ಲಿ ಮಲಗಿದ್ದನ್ನು ಕಂಡವಳು ನಾನು. ಮಾತ್ರೆ, ಇನ್ಸುಲಿನ್ ಇರುವವರು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.

ದ್ವಾದಶಿಯ ಬೆಳಗ್ಗೆ ಬರಿ ಹೊಟ್ಟೆಗೆ ಖಾರದ ಸಾಂಬಾರು ಸುರಿಯಬೇಡಿ. ನಮ್ಮಲ್ಲಿ ಉಪವಾಸ ಬಿಡುವ ಪಾರಣೆಗೆ ಹುಣಸೆಹುಳಿ ಇಲ್ಲ, ನೆಲ್ಲಿಕಾಯಿ ತಂಬುಳಿಯೇ ಮೊದಲು. ಹಸಿಯದ್ದಾದರೆ ಎರಡು ನೆಲ್ಲಿಕಾಯಿ, ಇಲ್ಲವಾದರೆ ಒಣಗಿಸಿದ್ದು ಒಂದು ಹಿಡಿ, ಅರ್ಧ ಗಂಟೆ ನೆನೆಸಿದ್ದು. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು ತೆಂಗಿನತುರಿಯ ಜತೆ ನುಣ್ಣಗೆ ಅರೆದು ಮಜ್ಜಿಗೆ ಬೆರೆಸಿದರೆ ಮುಗಿಯಿತು, ಕುದಿಸುವ ಕೆಲಸವಿಲ್ಲ. ಚಾತುರ್ಮಾಸ್ಯ ಹಿಡಿದ ಮನೆಯಲ್ಲಿ ಮೊಸರು ಬಿಡುವ ದಧಿವ್ರತದ ತಿಂಗಳು ಬಂದು ಮಜ್ಜಿಗೆಯೂ ಬೇಡವೆಂದರೆ ಅದರ ಬದಲು ತೆಂಗಿನಹಾಲು ಹಾಕಿ. ಹುಳಿಗೆ ನೆಲ್ಲಿಕಾಯಿಯೇ ಸಾಕು, ಉಪ್ಪು ಮಾತ್ರ ಒಂದು ಚಿಟಿಕೆ ಕಡಿಮೆ ಇರಲಿ.